ಬಣ್ಣಕ್ಕೆ ಮೊದಲು ಲಗ್ ಬಿಚ್ಚು

ತಮ್ಮಾ, ಅರವತ್ತರ ದಶಕದ ಲಡ್ವಿಗ್ ಡ್ರಮ್ ಸೆಟ್ ನಿನ್ನ ಕೈಸೇರಿತೆಂದು ಕೇಳಿ ತುಂಬಾ ಸಂತೋಷವಾಯಿತು. ಯಾವ ಬಣ್ಣ ಮಾಡಿಸಲಿ ಎಂದು ಕೇಳಿದ್ದೀಯ. ಮೊದಲು ಸ್ಕ್ರೂಡ್ರೈವರ್ ಹಿಡಿದು ಒಂದು ಲಗ್ (ಡ್ರಮ್ಮಿನ ಮೈಗೆ ಸ್ಕ್ರೂ ಹಾಕಿ ಕೂರಿಸಿದ ಲೋಹದ ತುಂಡು) ಬಿಚ್ಚು. ಅದರಡಿ ಬೆಳಕು ತಾಗದ ಜಾಗದಲ್ಲಿ ಕಾರ್ಖಾನೆಯ ಬಣ್ಣ ಹೆಚ್ಚುಕಡಿಮೆ ಹಾಗೇ ಉಳಿದಿರುತ್ತದೆ. ಹೊರಗೆ ಕಾಣುವುದನ್ನು ನಂಬಬೇಡ. ಡ್ರಮ್ಮಿನ ಮರಕ್ಕೆ ಅಂಟಿಸಿದ ಬಣ್ಣದ ಹೊದಿಕೆಯ ಮೇಲ್ಪದರ ಕಾಲ ಕಳೆದಂತೆ ಹಳದಿಗೆ ತಿರುಗುತ್ತದೆ; ವೈಟ್ ಮರೀನ್ ಪರ್ಲ್ ಕೆನೆಬಣ್ಣವಾಗುತ್ತದೆ, ಬ್ಲೂ ಸ್ಪಾರ್ಕಲ್ ಹಸಿರಾಗಿ ಕಾಣುತ್ತದೆ. ನೋಡದೇ ಆರ್ಡರ್ ಕೊಟ್ಟರೆ ನೀಲಿ ಸೆಟ್ಟಿಗೆ ಹಸಿರು ಹೊದಿಸಿಬಿಡುತ್ತೀಯ.

ಹಳೆಯ ಹೊದಿಕೆ ಗಟ್ಟಿಯಾಗಿ ಅಂಟಿಕೊಂಡಿದ್ದರೆ ಅದನ್ನು ಕೀಳಲೇಬೇಡ. ಗೀರು, ಮಾಸಲು ಇರಲಿ ಬಿಡು, ಹಗುರವಾಗಿ ಪಾಲಿಶ್ ಮಾಡಿದರೆ ಸಾಕು. ಕೊಳ್ಳುವವರೂ ಮೂಲ ಹೊದಿಕೆಗೇ ಹೆಚ್ಚು ಬೆಲೆ ಕೊಡುತ್ತಾರೆ.

ನಿನ್ನ ಮನಸ್ಸು ಬ್ಲ್ಯಾಕ್ ಆಯ್‌ಸ್ಟರ್ ಪರ್ಲ್ ಮೇಲಿದೆ ಎಂದು ನನಗೆ ಗೊತ್ತು. ಬೀಟಲ್ಸ್ ಡ್ರಮ್ಮರ್ ರಿಂಗೋ ಸ್ಟಾರ್ 1963ರಲ್ಲಿ ಲಂಡನ್ನಿನ ಡ್ರಮ್ ಸಿಟಿ ಅಂಗಡಿಯಲ್ಲಿ ಮೆಚ್ಚಿದ್ದು ಅದನ್ನೇ. 1964ರ ಫೆಬ್ರವರಿಯಲ್ಲಿ ಎಡ್ ಸಲಿವನ್ ಟಿವಿ ಶೋನಲ್ಲಿ ಅಮೆರಿಕ ಅಂಥ ಸೆಟ್ ಕಂಡ ಮೇಲೆ ಷಿಕಾಗೋದ ಲಡ್ವಿಗ್ ಕಾರ್ಖಾನೆಗೆ ಬೇಡಿಕೆ ಉಕ್ಕಿ ಬಂತು. ಆಸೆ ಸಹಜವೇ. ಆದರೆ ನಿನ್ನ ಸೆಟ್ ಶಾಂಪೇನ್ ಸ್ಪಾರ್ಕಲ್ ಆಗಿ ಹುಟ್ಟಿದ್ದರೆ ಶಾಂಪೇನ್ ಸ್ಪಾರ್ಕಲ್ಲೇ ಆಗಿರಲಿ. ರಿಂಗೋ ಬಣ್ಣದ ಹೊಸ ಸೆಟ್ ಅಂಗಡಿಯಲ್ಲೂ ಸಿಗುತ್ತದೆ, ನಿನ್ನದರಂಥ ಹಳೆಯದು ಸಿಗುವುದಿಲ್ಲ.

ಹೊದಿಕೆಯನ್ನು ಯಾರಾದರೂ ಮೊದಲೇ ಕಿತ್ತು ಪೇಂಟ್ ಬಳಿದಿದ್ದರೆ ಮಾತು ಬೇರೆ. ಬ್ಯಾಡ್ಜಿನ ಅಡಿಯಲ್ಲಿ ಚೂರೇನಾದರೂ ಉಳಿದಿದೆಯೇ ನೋಡು. ಅದೂ ಇಲ್ಲದಿದ್ದರೆ ಆ ಕಾಲದ ಲಡ್ವಿಗ್ ಕ್ಯಾಟಲಾಗಿನಲ್ಲಿದ್ದ ಬಣ್ಣವನ್ನೇ ಆರಿಸು. ಮರದ ಬಣ್ಣ ಚೆಂದವೆಂದು ವಾರ್ನಿಷ್‌ಗೆ ಅವಸರ ಮಾಡಬೇಡ. ಹೊದಿಕೆ ಕಿತ್ತಾಗ ಮರದ ಸೀಳುಗಳೂ ಎದ್ದು ಬಂದಿರಬಹುದು, ನಡುವೆ ಯಾರೋ ಕೊರೆದ ಹೆಚ್ಚುವರಿ ತೂತುಗಳಿರಬಹುದು. ಮುಚ್ಚಿದ ತೂತನ್ನು ವಾರ್ನಿಷ್ ಎತ್ತಿ ತೋರಿಸುತ್ತದೆ, ಸ್ಪಾರ್ಕಲ್ ಹೊದಿಕೆ ಮರೆಮಾಡುತ್ತದೆ.

ಇಡೀ ಸೆಟ್ಟಿಗೆ ಹೊಸದು ಹೊದಿಸುವುದಾದರೆ ಲಗ್ ಅಡಿಯ ಬಣ್ಣಕ್ಕೆ ಹೊಂದಿಸು. ಒಂದೇ ಟಾಮ್ ಹಾಳಾಗಿದ್ದರೆ ಪಕ್ಕದ ಡ್ರಮ್ಮಿನ ಮಾಸಿದ ಬಣ್ಣಕ್ಕೆ ಹೊಂದಿಸಬೇಕು, ಇಲ್ಲವಾದರೆ ವೇದಿಕೆಯ ದೀಪದಲ್ಲಿ ಅದೊಂದೇ ಕಣ್ಣಿಗೆ ಚುಚ್ಚುತ್ತದೆ. ಮಾದರಿ ತುಂಡು ತರಿಸಿ ಬಿಸಿಲಿನಲ್ಲೂ ದೀಪದಲ್ಲೂ ಹಿಡಿದು ನೋಡು. ದಪ್ಪವನ್ನೂ ಅಳೆ, ಹೊದಿಕೆ ದಪ್ಪವಾದರೆ ಡ್ರಮ್‌ಹೆಡ್ ಬಿಗಿಯಾಗಿ ಕೂತು ಶ್ರುತಿ ಹಿಡಿಯುವುದೇ ಕಷ್ಟ. ಹಳೆಯದನ್ನು ಕೀಳಲೇಬೇಕಾಗಿ ಬಂದರೆ ಹೀಟ್ ಗನ್ ಹತ್ತಿರ ತರಬೇಡ. ಆ ಕಾಲದ ಸೆಲ್ಯುಲಾಯ್ಡ್ ಹೊದಿಕೆ ಕ್ಷಣದಲ್ಲಿ ಹೊತ್ತಿಕೊಳ್ಳುತ್ತದೆ.