ಕಂಪ್ಯೂಟರ್ ಇದ್ದರೂ ಕನ್ಸೋಲ್ ಗೆದ್ದದ್ದು ಹೇಗೆ?

ಕಳೆದ ರಜೆಯಲ್ಲಿ ನನ್ನ ಮಾಮೂ ಸೌದಿಯಿಂದ ಬರುವಾಗ ತಮ್ಮನಿಗೆ ಒಂದು ಗೇಮ್ ಕನ್ಸೋಲ್ ತಂದರು. ಜೊತೆಗೆ ಒಂದೇ ಒಂದು ಫುಟ್‌ಬಾಲ್ ಆಟದ ಡಿಸ್ಕ್. ಎರಡು ತಿಂಗಳಲ್ಲಿ ಅದು ಅವನಿಗೆ ಬೇಸರವಾಯಿತು. ಹೊಸ ಆಟ ಬೇಕೆಂದ. ಬೆಲೆ ನೋಡಿದರೆ 4,999 ರೂಪಾಯಿ! ಅದೇ ವಾರ ಅಬ್ಬಾ ಅಂಗಡಿಯ ಲೆಕ್ಕಕ್ಕೆ ಕಂಪ್ಯೂಟರ್ ತರುವ ಮಾತಾಡುತ್ತಿದ್ದರು. ಅದರಲ್ಲಿ ಟ್ಯಾಲಿ ಅಭ್ಯಾಸ ಮಾಡಬಹುದೆಂಬ ಆಸೆ ನನಗೆ. "ಕನ್ಸೋಲ್ ಮಾರಿಬಿಡೋಣ, ಆ ಹಣವನ್ನು ಕಂಪ್ಯೂಟರಿಗೆ ಹಾಕೋಣ, ಇವನು ಅದರಲ್ಲೇ ಆಡಲಿ" ಎಂದೆ. ತಮ್ಮ ಅತ್ತುಬಿಟ್ಟ. ಅಬ್ಬಾ ನನ್ನ ಕಡೆ ತಿರುಗಿ, "ಕಾಮರ್ಸ್ ಓದುತ್ತೀಯಲ್ಲ ಬೇಟಿ, ಸರಿಯಾಗಿ ಲೆಕ್ಕ ಹಾಕಿ ಹೇಳು" ಎಂದರು.

ಹಾಗಾಗಿ ಕುಳಿತು ಓದಿದೆ. ಕಂಪ್ಯೂಟರಿನಲ್ಲಿ ಲೆಕ್ಕ, ಪತ್ರ, ಪಾಠ, ಆಟ ಎಲ್ಲವೂ ಆಗುತ್ತದೆ. ಕನ್ಸೋಲ್ ಇರುವುದು ಮುಖ್ಯವಾಗಿ ಆಟಕ್ಕೆ. ಹಾಗಿದ್ದರೆ ಜನ ಕಂಪ್ಯೂಟರನ್ನೇ ಕೊಳ್ಳಬೇಕಿತ್ತಲ್ಲವೇ? ಜಪಾನಿನಲ್ಲಿ ಹಾಗಾಗಲಿಲ್ಲ.

1982ರಲ್ಲಿ ಎನ್‌ಇಸಿ ಕಂಪನಿ ಅಲ್ಲಿ ಪಿಸಿ-9801 ಎಂಬ ಕಂಪ್ಯೂಟರ್ ಬಿಡುಗಡೆ ಮಾಡಿತು. ಬೆಲೆ 2,98,000 ಯೆನ್. ಪರದೆ, ಫ್ಲಾಪಿ ಡ್ರೈವ್‌ಗಳಿಗೆ ಬೇರೆ ಹಣ. ಮರುವರ್ಷ ಜುಲೈನಲ್ಲಿ ನಿಂಟೆಂಡೊ ಕಂಪನಿಯ ಫ್ಯಾಮಿಕಾಮ್ ಬಂತು. ಬೆಲೆ 14,800 ಯೆನ್. ಮನೆಯ ಟಿ.ವಿ.ಗೇ ಜೋಡಿಸಬಹುದಿತ್ತು. ಒಂದು ಕಂಪ್ಯೂಟರಿನ ಹಣಕ್ಕೆ 20 ಕನ್ಸೋಲ್! ತಮಾಷೆಯೆಂದರೆ ಫ್ಯಾಮಿಕಾಮ್ ಎಂಬುದು 'ಫ್ಯಾಮಿಲಿ ಕಂಪ್ಯೂಟರ್' ಎಂಬುದರ ಚಿಕ್ಕ ರೂಪ.

ಕಂಪ್ಯೂಟರ್ ಅಷ್ಟು ದುಬಾರಿಯಾಗಲು ಲಿಪಿಯೂ ಒಂದು ಕಾರಣ. ಜಪಾನಿ ಬರಹದಲ್ಲಿ ಕಾಂಜಿ ಎಂಬ ಚಿತ್ರದಂಥ ಅಕ್ಷರಗಳಿವೆ. ಅಲ್ಲಿನ ಸರ್ಕಾರ 1981ರಲ್ಲಿ ಹೊರಡಿಸಿದ ನಿತ್ಯಬಳಕೆಯ ಪಟ್ಟಿಯಲ್ಲೇ 1,945 ಅಕ್ಷರಗಳಿದ್ದವು. ಅವು ಪರದೆಯ ಮೇಲೆ ಸ್ಪಷ್ಟವಾಗಿ ಕಾಣಲು ಹೆಚ್ಚು ಚುಕ್ಕಿಗಳ ಪರದೆ ಬೇಕು, ಅಕ್ಷರಗಳನ್ನು ತುಂಬಿಟ್ಟ ಪ್ರತ್ಯೇಕ ಚಿಪ್ ಬೇಕು. ಮನೆಯಲ್ಲಿ ಉರ್ದು ಪತ್ರಿಕೆ ಓದುವವರಿಗೆ ಇದು ಬೇಗ ಅರ್ಥವಾದೀತು. ಇಳಿಜಾರಾಗಿ ಸಾಗುವ ನಸ್ತಾಲೀಖ್ ಲಿಪಿಯನ್ನು ಯಂತ್ರಕ್ಕೆ ಒಗ್ಗಿಸಲು ಎಷ್ಟು ಕಷ್ಟಪಟ್ಟರೆಂದು ದಾದಾ ಈಗಲೂ ಹೇಳುತ್ತಾರೆ. ಪಿಸಿ-9801 ಅಕ್ಷರಗಳನ್ನು ಚೆನ್ನಾಗಿ ತೋರಿಸುತ್ತಿತ್ತು, ಆದರೆ ಓಡುವ, ಜಿಗಿಯುವ ಚಿತ್ರಗಳಿಗೆ ಅದರಲ್ಲಿ ವಿಶೇಷ ವ್ಯವಸ್ಥೆ ಇರಲಿಲ್ಲ. ಫ್ಯಾಮಿಕಾಮ್ ಅದಕ್ಕೆಂದೇ ತಯಾರಾಗಿತ್ತು. 1985ರಲ್ಲಿ 'ಸೂಪರ್ ಮಾರಿಯೊ ಬ್ರದರ್ಸ್' ಬಂದ ಮೇಲೆ ಕೇಳಬೇಕೇ?

ನಮ್ಮ ಅರ್ಥಶಾಸ್ತ್ರದ ಪಾಠದಲ್ಲಿ ಪೂರಕ ಸರಕುಗಳು ಬರುತ್ತವೆ: ಚಹಾ ಮತ್ತು ಸಕ್ಕರೆ, ಪೆನ್ ಮತ್ತು ಶಾಯಿ. ಪೆನ್ನು, ಶಾಯಿ ಎರಡರ ಆದಾಯವೂ ಒಬ್ಬನಿಗೇ ಬರುವುದಾದರೆ ಅವನು ಪೆನ್ನನ್ನು ಅಗ್ಗವಾಗಿ ಕೊಟ್ಟು ಶಾಯಿಯಲ್ಲಿ ಗಳಿಸಬಹುದು. ಕನ್ಸೋಲ್ ವ್ಯಾಪಾರವೂ ಹೀಗೆಯೇ. ಬೇರೆ ಕಂಪನಿಗಳು ಮಾಡಿದ ಆಟಗಳಿಂದಲೂ ನಿಂಟೆಂಡೊಗೆ ಪಾಲು ಬರುತ್ತಿತ್ತು. 2006ರಲ್ಲಿ ಸೋನಿ ತನ್ನ ಪ್ಲೇಸ್ಟೇಷನ್ 3 ಅನ್ನು ತಯಾರಿಕೆಯ ವೆಚ್ಚಕ್ಕಿಂತ ಕಡಿಮೆ ಬೆಲೆಗೇ ಮಾರಿತು. ಕಂಪ್ಯೂಟರ್ ಮಾರುವವನಿಗೆ ಈ ಅನುಕೂಲವಿಲ್ಲ. ಗ್ರಾಹಕ ಅದರಲ್ಲಿ ಯಾವ ಆಟ ಹಾಕಿಕೊಂಡರೂ ಅವನಿಗೆ ಒಂದು ಪೈಸೆಯೂ ಬಾರದು. ಆದ್ದರಿಂದ ಲಾಭವನ್ನು ಯಂತ್ರದ ಬೆಲೆಯಲ್ಲೇ ಸೇರಿಸಬೇಕು. ನನಗೆ ಮುಖ್ಯ ಕಾರಣ ಇದೇ ಅನ್ನಿಸಿತು. ಮೊದಲ ದಿನ ಜೇಬಿಗೆ ಬೀಳುವ ಹೊರೆ ಕನ್ಸೋಲಿನಲ್ಲಿ ಕಡಿಮೆ, ಉಳಿದದ್ದನ್ನು ಕಂತಿನಂತೆ ಆಮೇಲೆ ಕಟ್ಟುತ್ತೇವೆ.

ಪಕ್ಕದ ದಕ್ಷಿಣ ಕೊರಿಯಾದಲ್ಲಿ ಮಾತ್ರ ಕಥೆ ತಿರುಗುಮುರುಗು. ಜಪಾನಿನ ಸಾಂಸ್ಕೃತಿಕ ಸರಕುಗಳ ಮೇಲೆ ಅಲ್ಲಿ ನಿರ್ಬಂಧವಿತ್ತು, 1998ರಿಂದಷ್ಟೇ ಹಂತ ಹಂತವಾಗಿ ಸಡಿಲವಾಯಿತು. ಅದೇ ಹೊತ್ತಿಗೆ 'ಪಿಸಿ ಬಾಂಗ್'ಗಳು ಬೀದಿ ಬೀದಿಯಲ್ಲಿ ತೆರೆದವು. ಕೊರಿಯನ್ ಭಾಷೆಯಲ್ಲಿ ಬಾಂಗ್ ಎಂದರೆ ಕೋಣೆ, ನಮ್ಮ ಮಸೀದಿಯ ಬಾಂಗ್ ಅಲ್ಲ! ಗಂಟೆಯ ಲೆಕ್ಕದಲ್ಲಿ ಹಣ ಕೊಟ್ಟು ಕಂಪ್ಯೂಟರಿನಲ್ಲಿ ಆಡುವುದು. ಯಂತ್ರ ಕೊಳ್ಳುವ ವೆಚ್ಚ ಹುಡುಗರ ತಲೆಯಿಂದ ಇಳಿದಾಗ ಅಲ್ಲಿ ಕಂಪ್ಯೂಟರ್ ಆಟವೇ ಗೆದ್ದಿತು.

ನಮ್ಮ ಮನೆಯ ಲೆಕ್ಕವೂ ನಾನು ಬಯಸಿದಂತೆ ಬರಲಿಲ್ಲ. ಅಂಗಡಿಗೆ ಸಾಕಾಗುವ ಕಂಪ್ಯೂಟರಿನಲ್ಲಿ ತಮ್ಮನ ಆಟಗಳು ಓಡುವುದಿಲ್ಲ. ಅವು ಓಡಬೇಕಾದರೆ ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ ಬೇಕು. ಅದನ್ನು ಸೇರಿಸಿದರೆ ಅಬ್ಬಾ ಎತ್ತಿಟ್ಟ ಹಣ ಸಾಲದು. "ಇವನೇ ಸರಿ, ಆಟಕ್ಕೆ ಕನ್ಸೋಲೇ ಅಗ್ಗ" ಎಂದು ಅಬ್ಬಾನ ಮುಂದೆ ಹೇಳುವಾಗ ನನ್ನ ಮುಖ ಸ್ವಲ್ಪ ಸಣ್ಣದಾಯಿತು. ತಮ್ಮ ಮಾತ್ರ "ಆಪಾ ಜಿಂದಾಬಾದ್" ಎಂದ.

ಅಂಗಡಿಗೆ ಸೆಕೆಂಡ್ ಹ್ಯಾಂಡ್ ಕಂಪ್ಯೂಟರ್ ಬಂದಿದೆ. ಸಂಜೆ ಒಂದು ಗಂಟೆ ನನಗೆ ಸಿಗುತ್ತದೆ. ಹೊಸ ಡಿಸ್ಕಿಗೆ ಅಬ್ಬಾ ಒಪ್ಪಲಿಲ್ಲ. ತಮ್ಮ ಈಗ ತನ್ನ ಫುಟ್‌ಬಾಲ್ ಡಿಸ್ಕನ್ನು ಗೆಳೆಯನಿಗೆ ಕೊಟ್ಟು ಅವನ ಕಾರ್ ರೇಸ್ ಡಿಸ್ಕ್ ತಂದಿದ್ದಾನೆ. ಈ ವ್ಯವಹಾರದಲ್ಲಿ ಕಂಪನಿಗೆ ಏನೂ ಹೋಗುವುದಿಲ್ಲ.