ಕುದುರೆ ಜತೆ ಕಲಿಸುವ ಕಸುಬು: ವಾಡಿಯಿಂದ ಯಾವ ರೈಲು ಹತ್ತಬೇಕು?

ಬೇಲಿ ಕಟ್ಟಿದ ಅಂಗಳ. ನಡುವೆ ನೆಲದ ಮೇಲೊಂದು ಬಿದಿರಿನ ಗಳ. ಒಳಗೆ ಹಗ್ಗ, ಲಗಾಮು ಏನೂ ಇಲ್ಲದ ಒಂದು ಕುದುರೆ, ನಾಲ್ವರು ಶಿಕ್ಷಕರು. ಕೆಲಸ ಇಷ್ಟೇ: ಕುದುರೆಯನ್ನು ಮುಟ್ಟಬಾರದು, ತಿನಿಸು ತೋರಿಸಬಾರದು, ತಮ್ಮತಮ್ಮಲ್ಲಿ ಮಾತಾಡಬಾರದು, ಆದರೂ ಅದು ಗಳ ದಾಟಬೇಕು. ಒಬ್ಬರು ಹಿಂದಿನಿಂದ ಕೈಬೀಸಿ ಅಟ್ಟುತ್ತಾರೆ. ಇನ್ನೊಬ್ಬರು ಎದುರಿಗೆ ನಿಂತು ಕರೆಯುತ್ತಾರೆ, ಕರೆಯುತ್ತಲೇ ದಾರಿಗೆ ಅಡ್ಡವಾಗುತ್ತಾರೆ. ಮೂರನೆಯವರು ಬೇಲಿಗೊರಗಿ ಕೈಕಟ್ಟುತ್ತಾರೆ. ಕುದುರೆ ಒಂದು ಕಿವಿ ಹಿಂದಕ್ಕೆ, ಇನ್ನೊಂದು ಮುಂದಕ್ಕೆ ಹೊರಳಿಸಿ, ಒಂದು ಸುತ್ತು ಹಾಕಿ ನಿಂತಲ್ಲಿಗೇ ಬರುತ್ತದೆ. ಎಷ್ಟೋ ಹೊತ್ತಿನ ಮೇಲೆ ಎದುರಿಗಿದ್ದವರು ಎರಡು ಹೆಜ್ಜೆ ಪಕ್ಕಕ್ಕೆ ಸರಿದಾಗ ಅದಕ್ಕೆ ದಾರಿ ಸಿಗುತ್ತದೆ. ನಡೆಸಿಕೊಡುವವರು ಉಪದೇಶ ಹೇಳುವುದಿಲ್ಲ. ‘ಕುದುರೆ ತಿರುಗಿಕೊಂಡಾಗ ನೀವೆಲ್ಲಿ ನಿಂತಿದ್ದಿರಿ?’ ಎಂದಷ್ಟೇ ಕೇಳಿ ಸುಮ್ಮನಾಗುತ್ತಾರೆ. ಸ್ಟಾಫ್ ರೂಮಿನ ಸಂಗತಿಗಳು ತಾವಾಗಿಯೇ ಹೊರಬೀಳುತ್ತವೆ.

ಕುದುರೆ ಸಹಾಯದ ಕಲಿಕೆ ಎಂದರೆ ಇದೇ. ಸವಾರಿಯ ಮಾತೇ ಇಲ್ಲ, ಎಲ್ಲ ಕೆಲಸ ನೆಲದ ಮೇಲೆ. ತೋಳ, ಹುಲಿಗಳಿಂದ ಓಡಿ ಬದುಕಿದ ಪ್ರಾಣಿ ಕುದುರೆ. ಎದುರಿಗಿದ್ದವರ ಉಸಿರು, ಹೆಗಲು, ನಡಿಗೆಯ ಬಿಗಿ ನೋಡಿ ನಿರ್ಧಾರ ಮಾಡುತ್ತದೆ. ಹುದ್ದೆ, ಡಿಗ್ರಿ, ಜಾತಿ ಅದಕ್ಕೆ ಗೊತ್ತಿಲ್ಲ. ತಂಡ ಕಟ್ಟುವುದು, ಮುಂದಾಳತನ, ಸಂಕೋಚ ಕಳೆಯುವುದು ಇಂಥ ವಿಷಯಗಳಿಗೆ ಇದನ್ನು ಬಳಸುತ್ತಾರೆ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಕಡೆಯವರು ಈ ಕಸುಬಿಗೆ ಇಳಿಯಬೇಕೆಂದರೆ ಎಲ್ಲಿಂದ ಶುರು ಮಾಡಬೇಕು ಎಂಬುದು ಈ ಲೇಖನದ ವಿಷಯ. ಕುದುರೆ ಕೊಳ್ಳುವುದರಿಂದ ಅಲ್ಲ, ಆನ್‌ಲೈನ್ ಸರ್ಟಿಫಿಕೇಟಿನಿಂದಲೂ ಅಲ್ಲ ಎಂದು ಈಗಲೇ ಹೇಳಿಬಿಡುತ್ತೇನೆ.

ಚಿಕಿತ್ಸೆ ಬೇರೆ, ಕಲಿಕೆ ಬೇರೆ

ಡೆನ್ಮಾರ್ಕಿನ ಲಿಸ್ ಹಾರ್ಟೆಲ್ 1944ರಲ್ಲಿ ಪೋಲಿಯೊಗೆ ತುತ್ತಾಗಿ ಮೊಣಕಾಲ ಕೆಳಗೆ ಶಕ್ತಿ ಕಳೆದುಕೊಂಡರು. ಆದರೂ 1952ರ ಹೆಲ್ಸಿಂಕಿ ಒಲಿಂಪಿಕ್ಸಿನ ಡ್ರೆಸಾಜ್ ಸ್ಪರ್ಧೆಯಲ್ಲಿ ಬೆಳ್ಳಿ ಗೆದ್ದರು. ಚಿಕಿತ್ಸೆಗಾಗಿ ಸವಾರಿ ಎಂಬ ವಿಚಾರ ಹಬ್ಬಿದ್ದರ ಹಿಂದೆ ಅವರ ಕಥೆಯೂ ಇದೆ. 1969ರಲ್ಲಿ ಅಮೆರಿಕದಲ್ಲಿ ಇದಕ್ಕೊಂದು ಸಂಘ ಹುಟ್ಟಿತು. ಅದೇ ಇಂದಿನ ಪಾತ್ ಇಂಟರ್‌ನ್ಯಾಷನಲ್. 1999ರಲ್ಲಿ ಈಗಾಲಾ ಎಂಬ ಸಂಸ್ಥೆ ಸವಾರಿಯನ್ನು ಪೂರ್ತಿ ಬಿಟ್ಟು ನೆಲದ ಮೇಲಿನ ಕೆಲಸವನ್ನೇ ಪದ್ಧತಿಯಾಗಿ ಬೆಳೆಸಿತು. ಕಂಪನಿಗಳ ಮ್ಯಾನೇಜರುಗಳಿಗೆ ಕುದುರೆ ಜತೆ ತರಬೇತಿ ಕೊಡುವವರು 2004ರಲ್ಲಿ ಯುರೋಪಿನಲ್ಲಿ ಒಂದಾಗಿ ಇಎಎಚ್‌ಎಇ ಎಂಬ ಕೂಟ ಕಟ್ಟಿಕೊಂಡರು.

ನೀವು ಯಾವ ಕವಲಿಗೆ ಸೇರುತ್ತೀರಿ ಎಂಬುದನ್ನು ಮೊದಲು ತೀರ್ಮಾನಿಸಿ. ನಮ್ಮಲ್ಲಿ ಕ್ಲಿನಿಕಲ್ ಸೈಕಾಲಜಿಸ್ಟ್ ಆಗಿ ಕೆಲಸ ಮಾಡಲು 1992ರ ಕಾಯ್ದೆಯಡಿ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಬೇಕು. ಅದಿಲ್ಲದವರು ಖಿನ್ನತೆ, ಆಟಿಸಂ, ಕುಡಿತದ ಚಟ ವಾಸಿ ಮಾಡುತ್ತೇವೆಂದು ಬೋರ್ಡು ಹಾಕಬಾರದು. ಕಲಿಕೆ, ವ್ಯಕ್ತಿತ್ವ ವಿಕಸನ ಎಂದು ಹೇಳಿಕೊಳ್ಳಿ, ಆ ಗೆರೆಯೊಳಗೇ ಇರಿ. ಸೆಷನ್ ನಡುವೆ ಯಾರಾದರೂ ಹಳೆಯ ನೋವಿಗೆ ಕುಸಿದು ಕುಳಿತರೆ ಯಾರ ಬಳಿ ಕಳಿಸಬೇಕು ಎಂಬ ಫೋನ್ ನಂಬರ್ ಜೇಬಿನಲ್ಲಿರಲಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಕನ್ನಡದಲ್ಲೂ ಸಿಗುತ್ತದೆ.

ಹೆಜ್ಜೆ 1: ನಿಮ್ಮಲ್ಲಿ ಇಲ್ಲದ ಅರ್ಧ ಯಾವುದು?

ಈ ಕಸುಬಿಗೆ ಎರಡು ವಿದ್ಯೆ ಬೇಕು, ಮನುಷ್ಯರದು ಮತ್ತು ಕುದುರೆಯದು. ಈಗಾಲಾ ಪದ್ಧತಿಯಲ್ಲಂತೂ ಅಂಗಳದಲ್ಲಿ ಇಬ್ಬರು ಇರಲೇಬೇಕು: ಮಾನಸಿಕ ಆರೋಗ್ಯದ ಅರ್ಹತೆ ಇರುವವರೊಬ್ಬರು, ಕುದುರೆ ಬಲ್ಲವರೊಬ್ಬರು. ಒಬ್ಬರೇ ಎರಡೂ ಆಗಲು ಹೊರಟವರು ಸಾಮಾನ್ಯವಾಗಿ ಕುದುರೆ ನೋಡುತ್ತಾ ಮನುಷ್ಯರನ್ನು ಮರೆಯುತ್ತಾರೆ, ಇಲ್ಲವೇ ಮನುಷ್ಯರ ಮಾತು ಕೇಳುತ್ತಾ ಕುದುರೆಯ ಹಿಂಗಾಲು ಮರೆಯುತ್ತಾರೆ.

ಮನುಷ್ಯರ ವಿದ್ಯೆಗೆ ದೂರ ಹೋಗಬೇಕಿಲ್ಲ. ಗುಲ್ಬರ್ಗ ವಿಶ್ವವಿದ್ಯಾಲಯದಲ್ಲಿ ಎಂಎಸ್‌ಡಬ್ಲ್ಯೂ ಇದೆ. ಆಳಂದ ತಾಲೂಕಿನ ಕಡಗಂಚಿಯ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ಮನಃಶಾಸ್ತ್ರ ಕಲಿಯಬಹುದು. ನೌಕರಿ ಬಿಡಲಾಗದವರಿಗೆ ಇಗ್ನೊದ ಮನಃಶಾಸ್ತ್ರ ಎಂಎ 2025ರ ತನಕ ದೂರಶಿಕ್ಷಣದಲ್ಲಿ ಸಿಗುತ್ತಿತ್ತು. ಈಗಾಗಲೇ ಶಿಕ್ಷಕರು, ಅಂಗನವಾಡಿ ಮೇಲ್ವಿಚಾರಕರು, ಸ್ವಸಹಾಯ ಸಂಘ ನಡೆಸುವವರಾಗಿದ್ದರೆ ಅರ್ಧ ದಾರಿ ಬಂದಂತೆಯೇ. ಗುಂಪಿನ ಮುಂದೆ ಕಡಿಮೆ ಮಾತಾಡಿ ಹೆಚ್ಚು ಕೇಳುವ ಅಭ್ಯಾಸ ಮಾತ್ರ ಮಾಡಿಕೊಳ್ಳಬೇಕು. ಮೇಷ್ಟ್ರುಗಳಿಗೆ ಅದು ಕಷ್ಟವೇ.

ಹೆಜ್ಜೆ 2: ಊರಿನ ಕುದುರೆಗಳ ಬಳಿ ಹೋಗಿ

ಕುದುರೆ ವಿದ್ಯೆ ನಮ್ಮ ಭಾಗಕ್ಕೆ ಹೊಸದಲ್ಲ. ಪಕ್ಕದ ಕಲ್ಯಾಣದಿಂದ ಆಳಿದ ಚಾಲುಕ್ಯ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ದಲ್ಲಿ ಕುದುರೆಯಾಟಕ್ಕೇ ಒಂದು ಭಾಗವಿದೆ. ಭೀಮಾ ತೀರದ ಹೆಸರು ಹೊತ್ತ ಭೀಮಥಡಿ ಕುದುರೆ ದಖನ್ನಿನ ಸ್ವಂತ ತಳಿ. ಮಹಾರಾಷ್ಟ್ರದ ಧನಗರರು ಕುರಿ ಹಿಂಡಿನ ಜತೆ ಸಾಮಾನು ಹೊರಿಸಿಕೊಂಡು ನಡೆಯುವುದು ಇದರ ಮೇಲೆಯೇ. ಕುರಿ ಕಾಯುತ್ತ ಊರೂರು ತಿರುಗುವ ನಮ್ಮ ಕುರುಬರ ಜತೆಗೂ ಚಿಕ್ಕ ಕುದುರೆಗಳಿರುತ್ತವೆ. ಬೆನ್ನ ಮೇಲೆ ಕಂಬಳಿ, ಪಾತ್ರೆ, ಕೆಲವೊಮ್ಮೆ ನಡೆಯಲಾರದ ಎಳೆ ಮರಿಗಳು. ಮದುವೆ ಮೆರವಣಿಗೆಯ ಕುದುರೆ ಸಾಕುವವರೂ ಇದ್ದಾರೆ. ಇವರ ಹತ್ತಿರ ಹೋಗಿ ಕೆಲ ತಿಂಗಳು ಲದ್ದಿ ಎತ್ತಿ, ಮೈ ಉಜ್ಜಿ, ನೀರು ಕುಡಿಸಿ. ಅಲ್ಲಿ ಹೊಡೆತ, ಮುಳ್ಳಿನ ಲಗಾಮು, ಜೀನು ತಿಂದ ಬೆನ್ನು ಕಂಡರೆ ಅದನ್ನೂ ನೋಡಿಕೊಳ್ಳಿ. ಏನು ಮಾಡಬಾರದೆಂಬುದು ಕಣ್ಣಿಗೆ ಕಟ್ಟುತ್ತದೆ.

ಈ ತಿಂಗಳುಗಳಲ್ಲಿ ಕೈಗೆ ಕೂಡಿಬರಬೇಕಾದದ್ದು ಇದು. ಕುದುರೆ ಸುತ್ತಲೂ ಬಹುತೇಕ ಎಲ್ಲ ದಿಕ್ಕು ಕಾಣಬಲ್ಲದು, ಮೂಗಿನ ನೇರ ಮುಂದೆ ಮತ್ತು ಬಾಲದ ನೇರ ಹಿಂದೆ ಮಾತ್ರ ಕಾಣದು. ಹಾಗಾಗಿ ಹೆಗಲ ಕಡೆಯಿಂದ, ಮಾತಾಡುತ್ತಾ ಹತ್ತಿರ ಹೋಗಬೇಕು. ಹಗ್ಗವನ್ನು ಮಡಚಿ ಹಿಡಿಯಬೇಕೇ ಹೊರತು ಎಂದೂ ಅಂಗೈಗೆ ಸುತ್ತಿಕೊಳ್ಳಬಾರದು. ಬೆದರಿದ ಕುದುರೆ ಬೆರಳು ಕಿತ್ತುಕೊಂಡು ಹೋದೀತು. ಕಿವಿ ತಲೆಗೆ ಅಂಟಿ ಮೂಗಿನ ಹೊಳ್ಳೆ ಬಿಗಿದರೆ ಕೋಪ. ಕುತ್ತಿಗೆ ಇಳಿಬಿಟ್ಟು, ತುಟಿ ಸಡಿಲಾಗಿ, ಹಿಂಗಾಲೊಂದನ್ನು ಮಡಿಸಿ ನಿಂತರೆ ನೆಮ್ಮದಿ. ದಿನಾ ಬೆಳಿಗ್ಗೆ ದವಡೆಯ ಕೆಳಗಿನ ನಾಡಿ ಹಿಡಿದು ನೋಡಿ: ವಿಶ್ರಾಂತಿಯಲ್ಲಿ ನಿಮಿಷಕ್ಕೆ 28ರಿಂದ 44. ಪಕ್ಕೆಗೆ ಕಿವಿಯಿಟ್ಟರೆ ಕರುಳಿನ ಗುಡುಗುಡು ಕೇಳಬೇಕು. ಕೇಳದೆ ಹೋದರೆ, ಕುದುರೆ ಹೊಟ್ಟೆಯ ಕಡೆ ತಿರುಗಿ ನೋಡುತ್ತಾ ಕಾಲು ಕೆರೆಯುತ್ತಿದ್ದರೆ ಅದು ಶೂಲೆ. ಕುದುರೆಗೆ ವಾಂತಿ ಮಾಡಲು ಬಾರದು, ಮನೆಮದ್ದಿಗೆ ಸಮಯವಿಲ್ಲ. ತಾಲೂಕು ಪಶು ಆಸ್ಪತ್ರೆಗೆ ಇಲ್ಲವೇ 1962ಕ್ಕೆ ಕೂಡಲೇ ಫೋನ್ ಮಾಡಬೇಕು.

ಹೆಜ್ಜೆ 3: ವಾಡಿಯಿಂದ ಮೂರು ದಾರಿ

ಇಲ್ಲಿಂದಾಚೆ ಊರು ಬಿಡಬೇಕು. ವಾಡಿಯಿಂದ ಮೂರು ಕಡೆ ಹಳಿ ಹೋಗುತ್ತದೆ, ಮೂರೂ ಕಡೆ ಒಳ್ಳೆಯ ಲಾಯಗಳಿವೆ.

ಸೇಡಂ, ಚಿತ್ತಾಪುರದವರಿಗೆ ಹೈದರಾಬಾದ್ ಹತ್ತಿರ, ತಮ್ಮೂರ ಸ್ಟೇಷನ್ನಿನಲ್ಲೇ ಹತ್ತಬಹುದು. ರೈಲಿಲ್ಲದ ಚಿಂಚೋಳಿಯವರು ಬಸ್ಸಿನಲ್ಲಿ ತಾಂಡೂರಿಗೆ ಹೋಗಿ ಅದೇ ಹಳಿ ಸೇರುತ್ತಾರೆ. ಅಲ್ಲಿ ಹೈದರಾಬಾದ್ ಪೋಲೊ ಅಂಡ್ ರೈಡಿಂಗ್ ಕ್ಲಬ್ ಇದೆ. ಸೊಲ್ಲಾಪುರದ ಹಳಿ ಹಿಡಿದರೆ ಪುಣೆ. ತಳೇಗಾಂವ್ ಕಡೆಯ ಜಾಪಲೂಪ್ ಕೇಂದ್ರ ಕುದುರೆಯವರ ಬಾಯಲ್ಲಿ ಓಡಾಡುವ ಹೆಸರು. ರಾಯಚೂರಿನ ಹಳಿ ಬೆಂಗಳೂರಿಗೆ. ದೇವನಹಳ್ಳಿ ಕಡೆಯ ಎಂಬೆಸಿ ಇಂಟರ್‌ನ್ಯಾಷನಲ್ ರೈಡಿಂಗ್ ಸ್ಕೂಲ್ 1996ರಿಂದ ಇದೆ. 2018ರ ಏಷ್ಯನ್ ಗೇಮ್ಸಿನಲ್ಲಿ ಎರಡು ಬೆಳ್ಳಿ ಗೆದ್ದ ಫವಾದ್ ಮಿರ್ಜಾ ಅವರ ಬೆನ್ನಿಗೆ ನಿಂತದ್ದು ಎಂಬೆಸಿ. ಹೆಬ್ಬಾಳದ ಪಶುವೈದ್ಯ ಕಾಲೇಜಿನಲ್ಲಿ ಎನ್‌ಸಿಸಿಯ ರಿಮೌಂಟ್ ಅಂಡ್ ವೆಟರ್ನರಿ ಘಟಕವಿದೆ. ಬೆಂಗಳೂರಿನಲ್ಲಿ ಡಿಗ್ರಿ ಓದುವ ಮಕ್ಕಳು ಮೊದಲ ವರ್ಷದಲ್ಲೇ ವಿಚಾರಿಸಿದರೆ ಕಡಿಮೆ ಖರ್ಚಿನಲ್ಲಿ ಕುದುರೆ ಕಲಿಯಲು ಇದಕ್ಕಿಂತ ಒಳ್ಳೆಯ ಬಾಗಿಲು ನನಗೆ ಕಾಣದು. ಮೈಸೂರಿನ ಅಶ್ವಾರೋಹಿ ಪೊಲೀಸ್ ದಳವೂ ಬೇಸಿಗೆಯಲ್ಲಿ ಸಾರ್ವಜನಿಕರಿಗೆ ಸವಾರಿ ಶಿಬಿರ ನಡೆಸಿದ್ದುಂಟು.

ಸೇರುವ ಮುನ್ನ ಮೂರು ಪ್ರಶ್ನೆ ಕೇಳಿ. ಬರೀ ಸವಾರಿಯೋ, ಲಾಯದ ಕೆಲಸವನ್ನೂ ಕಲಿಸುತ್ತೀರೋ? ನೆಲದ ಮೇಲಿನ ಕೆಲಸ ಎಷ್ಟು? ಊಟ, ವಸತಿ ಕೊಟ್ಟು ಸಹಾಯಕರಾಗಿ ಇಟ್ಟುಕೊಳ್ಳುತ್ತೀರಾ? ಮೂರನೆಯದಕ್ಕೆ ಹೌದೆಂದರೆ ಫೀ ಕೊಟ್ಟು ಕಲಿಯುವುದಕ್ಕಿಂತ ಅದೇ ಮೇಲು. ಲಾಯದಲ್ಲಿ ದುಡಿಯುವ ಸಾಯಿಸರ ಜತೆ ಒಂದು ವರ್ಷ ಕಳೆದವರಿಗೆ ಸಿಗುವ ವಿದ್ಯೆ ವಾರಾಂತ್ಯದ ಸವಾರಿ ಕ್ಲಾಸಿನಲ್ಲಿ ಸಿಗುವುದಿಲ್ಲ.

ಹೆಜ್ಜೆ 4: ಸರ್ಟಿಫಿಕೇಟು

ಈಗಾಲಾ ತನ್ನ ಕುದುರೆ ತಜ್ಞರಿಂದ 6000 ಗಂಟೆಗಳ ಕೈಕೆಲಸದ ಅನುಭವ ಕೇಳುತ್ತದೆ. ದಿನಕ್ಕೆ ಆರು ಗಂಟೆಯಂತೆ ಲೆಕ್ಕ ಹಾಕಿದರೆ ಸಾವಿರ ದಿನ, ರಜೆ ಹಬ್ಬ ಸೇರಿ ಮೂರು ವರ್ಷದ ಮೇಲೆ. ಅದರ ಮೇಲೆ ಕುದುರೆಯ ಮನಸ್ಸು, ದೇಹಭಾಷೆಯ ಬಗ್ಗೆ ಬೇರೆ ತರಬೇತಿ. ಪಾತ್ ಇಂಟರ್‌ನ್ಯಾಷನಲ್‌ನಲ್ಲೂ ಮಾನಸಿಕ ಆರೋಗ್ಯ ಮತ್ತು ಕಲಿಕೆಗೆಂದೇ ಕುದುರೆ ತಜ್ಞರ ಪ್ರಮಾಣಪತ್ರವಿದೆ. ಫೀ ಡಾಲರಿನಲ್ಲಿ, ಪಾಠ ಇಂಗ್ಲಿಷಿನಲ್ಲಿ. ಇವುಗಳ ಪಕ್ಕಕ್ಕಿಟ್ಟು ನೋಡಿದರೆ ಎರಡು ದಿನದಲ್ಲಿ ‘ಮಾಸ್ಟರ್ ಕೋಚ್’ ಮಾಡುತ್ತೇವೆನ್ನುವ ಜಾಹೀರಾತುಗಳ ಬೆಲೆ ಗೊತ್ತಾಗುತ್ತದೆ. ಲಾಯದ ಗಂಟೆಗಳನ್ನು ಮೊದಲ ದಿನದಿಂದಲೇ ಡೈರಿಯಲ್ಲಿ ಬರೆದು, ಲಾಯದವರಿಂದ ಸಹಿ ಮಾಡಿಸಿಟ್ಟುಕೊಳ್ಳಿ. ಆಮೇಲೆ ಒಟ್ಟು ಮಾಡಲು ಹೊರಟರೆ ಆಗುವುದಿಲ್ಲ.

ಹೆಜ್ಜೆ 5: ಅಂಗಳ, ಮೇವು, ಬಿಸಿಲು

ಊರಿಗೆ ಮರಳಿ ಸ್ವಂತ ಕೇಂದ್ರ ಮಾಡುವವರು ಹೊರಗಿನ ಪುಸ್ತಕ ನಂಬಿ ಕೂರಬಾರದು, ನಮ್ಮ ನೆಲ ಬೇರೆ. ಮನೆ, ಗುಡಿ, ಕೊಟ್ಟಿಗೆ ಎಲ್ಲಕ್ಕೂ ನಾವು ಹಾಸುವುದು ಶಹಾಬಾದಿ ಫರಸಿ. ಲಾಯಕ್ಕೆ ಮಾತ್ರ ಬೇಡ. ಗಂಜಲ ಬಿದ್ದ ಫರಸಿಯ ಮೇಲೆ ಲಾಳ ಹೊಡೆದ ಕಾಲು ಜಾರಿ ಕುದುರೆ ಬಿದ್ದರೆ ಸೊಂಟವೇ ಹೋದೀತು. ಮರಂ ಬಡಿದ ನೆಲ, ಮೇಲೆ ಒಣಹುಲ್ಲು ಸಾಕು. ಎರೆ ಹೊಲದಲ್ಲಿ ಅಂಗಳ ಮಾಡಿದರೆ ಮಳೆಗಾಲದಲ್ಲಿ ಗೊರಸಿಗೆ ಮಣ್ಣು ಮೆತ್ತುತ್ತದೆ, ಬೇಸಿಗೆಯಲ್ಲಿ ಬಿರುಕಿಗೆ ಕಾಲು ಸಿಕ್ಕುತ್ತದೆ. ಚಿಂಚೋಳಿಯ ಕೆಂಪು ನೆಲ ಇದಕ್ಕೆ ಹೇಳಿಮಾಡಿಸಿದ್ದು. ಆದರೆ ಅಲ್ಲಿನ ವನ್ಯಜೀವಿ ಧಾಮದೊಳಗೆ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಕುದುರೆ ಒಯ್ಯುವಂತಿಲ್ಲ. ಸಿಮೆಂಟ್ ಕಾರ್ಖಾನೆ, ಕಲ್ಲಿನ ಗಣಿಯ ದೂಳು ಬೀಸುವ ದಿಕ್ಕನ್ನೂ ನೋಡಿ ಜಾಗ ಹಿಡಿಯಿರಿ. ಕುದುರೆಯ ಶ್ವಾಸಕೋಶ ದೂಳು ತಾಳುವುದಿಲ್ಲ.

ಮೇವಿನಲ್ಲಿ ಎಚ್ಚರ ಬೇಕಾದದ್ದು ಜೋಳ. ಹಸಿ ಜೋಳದ ಬೆಳೆಯಲ್ಲಿ ಸಯನೈಡ್ ಅಂಶವಿರುತ್ತದೆ ಎಂದು ದನ ಸಾಕಿದವರಿಗೆ ಗೊತ್ತು. ಕುದುರೆ ಅದನ್ನೇ ವಾರಗಟ್ಟಲೆ ಮೇದರೆ ಹಿಂಗಾಲು ಸೋತು, ಮೂತ್ರ ಹನಿಹನಿಯಾಗಿ ಸೋರುವ ಕಾಯಿಲೆ ಬರುತ್ತದೆ. ಚೆನ್ನಾಗಿ ಒಣಗಿದ ಕಣಿಕೆಯಲ್ಲಿ ಆ ಅಪಾಯ ಕಡಿಮೆ, ಹುಲ್ಲು ಇನ್ನೂ ಕ್ಷೇಮ. ಹಸಿ ಜೋಳಕ್ಕಿಂತ ಕೆಟ್ಟದ್ದು ಮೊನೆನ್ಸಿನ್ ಬೆರೆತ ದನದ, ಕೋಳಿಯ ಫೀಡು. ದನಕ್ಕೆ ಒಗ್ಗುವ ಆ ಔಷಧ ಕುದುರೆಯ ಹೃದಯಕ್ಕೆ ವಿಷ, ಸ್ವಲ್ಪವೇ ಸಾಕು. ಚೀಲದ ಮೇಲಿನ ಚೀಟಿ ಓದದೆ ಏನೂ ಹಾಕಬೇಡಿ. ಕಡಲೆ, ಹುರುಳಿ ನೆನೆಸಿ ಹದವಾಗಿ ಕೊಡಬಹುದು. 300 ಕಿಲೊ ತೂಗುವ ಕುದುರೆಗೆ ದಿನಕ್ಕೆ ಐದಾರು ಕಿಲೊ ಒಣಮೇವು, 20ರಿಂದ 40 ಲೀಟರ್ ನೀರು. ಮೇ ತಿಂಗಳಲ್ಲಿ ನೀರು ಅದಕ್ಕಿಂತ ಹೆಚ್ಚು. ಪಾದರಸ 42 ಡಿಗ್ರಿ ದಾಟುವ ದಿನಗಳಲ್ಲಿ ಸೆಷನ್ ಬೆಳಿಗ್ಗೆ ಆರೂವರೆಗೆ ಶುರುವಾಗಿ ಒಂಬತ್ತರೊಳಗೆ ಮುಗಿಯಬೇಕು. ಸಾಹೇಬರು ಹನ್ನೊಂದಕ್ಕೆ ಬರುತ್ತಾರೆ ಎಂದರೆ ಸಾಹೇಬರು ಚಳಿಗಾಲದಲ್ಲಿ ಬರಲಿ.

ಕಡ್ಡಾಯವಾಗಿ ಮಾಡಿಸಬೇಕಾದ್ದು ಗ್ಲಾಂಡರ್ಸ್ ಪರೀಕ್ಷೆ. ಕುದುರೆ, ಕತ್ತೆಗಳಿಂದ ಮನುಷ್ಯರಿಗೂ ಹರಡಬಲ್ಲ, ಕೊಲ್ಲಬಲ್ಲ ರೋಗವಿದು. 2009ರ ಕಾಯ್ದೆಯಡಿ ಸರ್ಕಾರಕ್ಕೆ ತಿಳಿಸಲೇಬೇಕಾದ ರೋಗಗಳ ಪಟ್ಟಿಯಲ್ಲಿದೆ. ಪಶುವೈದ್ಯರು ರಕ್ತದ ಮಾದರಿ ತೆಗೆದು ಇಲಾಖೆ ಮೂಲಕ ಪರೀಕ್ಷೆಗೆ ಕಳಿಸುತ್ತಾರೆ. ಹರಿಯಾಣದ ಹಿಸಾರ್‌ನ ರಾಷ್ಟ್ರೀಯ ಅಶ್ವ ಸಂಶೋಧನಾ ಕೇಂದ್ರ ಇದರಲ್ಲಿ ದೇಶಕ್ಕೆ ಕೊನೆಯ ಮಾತು. ಧನುರ್ವಾಯು ಚುಚ್ಚುಮದ್ದು ಕುದುರೆಗೂ ಬೇಕು, ನಿಮಗೂ ಬೇಕು. ಬೀದರಿನ ಪಶುವೈದ್ಯ ವಿಶ್ವವಿದ್ಯಾಲಯ ಚಿಂಚೋಳಿಗೆ ದೂರವೇನಲ್ಲ, ತಾಲೂಕಿನಲ್ಲಿ ಬಗೆಹರಿಯದ್ದಕ್ಕೆ ಅಲ್ಲಿಗೆ ಹೋಗಬಹುದು.

ಹೆಜ್ಜೆ 6: ಮೊದಲ ಗುಂಪು

ಮಕ್ಕಳಿಂದ ಶುರು ಮಾಡಬೇಡಿ. ಮೊದಲು ನಿಮ್ಮ ಪರಿಚಯದ ಆರೇಳು ಜನ ದೊಡ್ಡವರು, ಅಂಗಳದಲ್ಲಿ ಒಂದೇ ಕುದುರೆ, ಪಕ್ಕದಲ್ಲಿ ನಿಮಗಿಂತ ಹಿರಿಯರಾದ ಒಬ್ಬ ಕುದುರೆಯವರು. ಎಲ್ಲರಿಗೂ ಮುಚ್ಚಿದ ಬೂಟು. ಚಪ್ಪಲಿಯವರು ಬೇಲಿಯ ಹೊರಗೆ. ಅಪಾಯ ವಿವರಿಸಿದ ಒಪ್ಪಿಗೆ ಪತ್ರ ಕನ್ನಡದಲ್ಲೇ ಇರಲಿ. ಕುದುರೆ ಬೇಡವೆಂದು ದೂರ ಸರಿದರೆ ಅವತ್ತಿನ ಪಾಠ ಅದೇ, ಎಳೆದು ತರಬಾರದು. ಶಾಲೆಗಳ ಜತೆ ಕೆಲಸ ಮಾಡುವಾಗ ಪೋಷಕರ ಒಪ್ಪಿಗೆ, ಶಾಲೆಯವರ ಹಾಜರಿ, ಪೋಕ್ಸೊ ಕಾಯ್ದೆಯ ತಿಳಿವಳಿಕೆ ಮೂರೂ ಬೇಕು. ದುಡ್ಡಿನ ದಾರಿಯೆಂದರೆ ಸೇಡಂ, ಮಳಖೇಡ, ವಾಡಿಯ ಸಿಮೆಂಟ್ ಕಾರ್ಖಾನೆಗಳು. ಅಲ್ಲಿ ಹೊಸ ಎಂಜಿನಿಯರುಗಳಿಗೆ, ಸೂಪರ್‌ವೈಸರುಗಳಿಗೆ ತರಬೇತಿ ಬೇಕೇ ಬೇಕು. ದೊಡ್ಡ ಕಂಪನಿಗಳಿಗೆ ಲಾಭದ ಶೇ 2ರಷ್ಟನ್ನು ಸಮಾಜಕ್ಕೆ ವ್ಯಯಿಸುವ ಹೊಣೆಯೂ 2013ರ ಕಾಯ್ದೆಯಡಿ ಇದೆ, ಆದರೆ ಅದು ತಮ್ಮದೇ ನೌಕರರ ತರಬೇತಿಗೆ ಸಲ್ಲುವುದಿಲ್ಲ. ಸರ್ಕಾರಿ ಶಾಲೆಯ ಶಿಕ್ಷಕರಿಗೆ ಶಿಬಿರ ಎಂದು ಯೋಜನೆ ಬರೆದರೆ ಕೇಳಿಸಿಕೊಂಡಾರು.

ಸ್ವಂತ ಕುದುರೆ ಕೊಳ್ಳುವುದು ಇವೆಲ್ಲ ಆದ ಮೇಲೆ. ನಾಂದೇಡ ಜಿಲ್ಲೆಯ ಮಾಳೆಗಾಂವ್‌ನಲ್ಲಿ ಡಿಸೆಂಬರ್, ಜನವರಿ ಹೊತ್ತಿಗೆ ನಡೆಯುವ ಖಂಡೋಬನ ಜಾತ್ರೆಯಲ್ಲಿ ಕುದುರೆ ಸಂತೆ ದೊಡ್ಡದು. ಅಲ್ಲಿ ಡೋಲಿನ ಸದ್ದಿಗೆ ಕುಣಿಯುವ, ಎತ್ತರದ, ಬಿಳಿ ಕುದುರೆಗೆ ಬೆಲೆ ಜಾಸ್ತಿ. ನಿಮಗೆ ಬೇಕಾದದ್ದು ಅದಲ್ಲ. ಹತ್ತರಿಂದ ಹದಿನೈದು ವರ್ಷದ, ಗದ್ದಲಕ್ಕೆ ತಲೆಕೆಡಿಸಿಕೊಳ್ಳದ, ಕಾಲೆತ್ತಿದರೆ ಸುಮ್ಮನೆ ಕೊಡುವ ಗಿಡ್ಡ ಹೆಣ್ಣು ಕುದುರೆ. ಹಲ್ಲು ನೋಡಿ ವಯಸ್ಸು ಹೇಳಬಲ್ಲ ಪಶುವೈದ್ಯರನ್ನು ಜತೆಗೆ ಕರೆದೊಯ್ಯಿರಿ. ಗ್ಲಾಂಡರ್ಸ್ ವರದಿ ಕೈಗೆ ಬರುವ ತನಕ ಪೂರ್ತಿ ಹಣ ಕೊಡಬೇಡಿ.