ಸೇವೆ, ಸಹಬೋಧನೆ, ನಾಯಕತ್ವ: ವಿದ್ಯಾರ್ಥಿ ವಿಕಾಸದ ಮೂರು ಮೆಟ್ಟಿಲುಗಳು

ಪರೀಕ್ಷೆಯಲ್ಲಿ ಪಡೆದ ಅಂಕಗಳಿಂದ ವಿದ್ಯಾರ್ಥಿಯ ಯೋಗ್ಯತೆಯನ್ನು ಅಳೆಯುವ ಪದ್ಧತಿ ನಮ್ಮಲ್ಲಿ ರೂಢವಾಗಿದೆ. ಅಂಕಗಳು ಬೇಡವೆಂದಲ್ಲ; ಆದರೆ ಅವು ಹೇಳದೆ ಬಿಡುವ ಸಂಗತಿಗಳು ಬಹಳ. ತಾನು ಕಲಿತದ್ದನ್ನು ಇನ್ನೊಬ್ಬರಿಗೆ ತಿಳಿಸಬಲ್ಲನೇ, ಹತ್ತು ಜನರೊಡನೆ ಕೂಡಿ ಒಂದು ಕೆಲಸವನ್ನು ಕಡೆ ಮುಟ್ಟಿಸಬಲ್ಲನೇ, ಊರಿನ ಕಷ್ಟಸುಖಗಳನ್ನು ಅರಿತಿರುವನೇ ಎಂಬ ಪ್ರಶ್ನೆಗಳಿಗೆ ಅಂಕಪಟ್ಟಿಯಲ್ಲಿ ಉತ್ತರವಿರುವುದಿಲ್ಲ.

ನಮ್ಮ ಭಾಗದಲ್ಲಿ ಈ ಪ್ರಶ್ನೆಗಳಿಗೆ ವಿಶೇಷ ಮಹತ್ವವಿದೆ. 2011ರ ಜನಗಣತಿಯಲ್ಲಿ ರಾಜ್ಯದ ಸಾಕ್ಷರತೆ ಶೇ. 75.36 ಇದ್ದಾಗ ಕಲಬುರಗಿ ಜಿಲ್ಲೆಯದು ಶೇ. 64.85 ಮಾತ್ರ ಇತ್ತು. ಐನಾಪುರದಂತಹ ಗ್ರಾಮಗಳಿಂದ ಕಾಲೇಜು ಸೇರುವ ತರುಣ ತರುಣಿಯರಲ್ಲಿ ಅನೇಕರು ತಮ್ಮ ಮನೆತನದಲ್ಲಿ ಆ ಹೊಸ್ತಿಲು ದಾಟಿದ ಮೊದಲಿಗರು. ಇಂಥವರ ವಿದ್ಯೆ ಅವರೊಬ್ಬರ ಸ್ವತ್ತಾಗಿಯೇ ಉಳಿದರೆ ಊರು ಇದ್ದಲ್ಲಿಯೇ ಇರುತ್ತದೆ.

1. ಸೇವೆ

ವಿದ್ಯಾರ್ಥಿಗಳ ಶಿಕ್ಷಣದೊಡನೆ ರಾಷ್ಟ್ರಸೇವೆಯೂ ಕೂಡಿರಬೇಕೆಂದು 1964-66ರ ಕೊಠಾರಿ ಆಯೋಗವು ಶಿಫಾರಸು ಮಾಡಿತು. ಗಾಂಧೀ ಶತಾಬ್ದಿಯ ವರ್ಷವಾದ 1969ರ ಸೆಪ್ಟೆಂಬರ್ 24ರಂದು 37 ವಿಶ್ವವಿದ್ಯಾಲಯಗಳಲ್ಲಿ ರಾಷ್ಟ್ರೀಯ ಸೇವಾ ಯೋಜನೆ ಪ್ರಾರಂಭವಾಯಿತು. ಆಗ ಕೇಂದ್ರ ಶಿಕ್ಷಣ ಸಚಿವರಾಗಿದ್ದವರು, ಬಳ್ಳಾರಿ ಕ್ಷೇತ್ರದಿಂದ ಲೋಕಸಭೆಗೆ ಆಯ್ಕೆಯಾಗಿದ್ದ ಅರ್ಥಶಾಸ್ತ್ರಜ್ಞ ಡಾ. ವಿ. ಕೆ. ಆರ್. ವಿ. ರಾವ್ ಅವರು. ಎರಡು ವರ್ಷಗಳಲ್ಲಿ 240 ಗಂಟೆಗಳ ಸೇವೆ, ಜೊತೆಗೆ ಹಳ್ಳಿಯೊಂದರಲ್ಲಿ ಏಳು ದಿನಗಳ ವಿಶೇಷ ಶಿಬಿರ, ಇದು ಸ್ವಯಂಸೇವಕನಿಗೆ ವಿಧಿಸಿದ ಕ್ರಮ. ‘ನನಗಲ್ಲ, ನಿನಗೆ’ ಎಂಬುದು ಯೋಜನೆಯ ಧ್ಯೇಯವಾಕ್ಯ.

ಧ್ಯೇಯವಾಕ್ಯವನ್ನು ಗೋಡೆಯ ಮೇಲೆ ಬರೆಯುವುದು ಸುಲಭ. ಅದರ ಅರ್ಥ ತಿಳಿಯುವುದು ಕಷ್ಟ. ಕೆಲವು ವರ್ಷಗಳ ಹಿಂದೆ ಎರೆಭೂಮಿಯ ಒಂದು ಹಳ್ಳಿಯಲ್ಲಿ ನಮ್ಮ ವಿದ್ಯಾರ್ಥಿಗಳು ಏಳು ದಿನ ಶ್ರಮಪಟ್ಟು ಉದ್ದನೆಯ ಚರಂಡಿಯನ್ನು ತೋಡಿದರು. ಸಮಾರೋಪವಾಯಿತು, ಭಾಷಣಗಳಾದವು, ಛಾಯಾಚಿತ್ರ ತೆಗೆಸಿಕೊಂಡೆವು. ಮಳೆಗಾಲ ಮುಗಿದ ಮೇಲೆ ಹೋಗಿ ನೋಡಿದರೆ ಚರಂಡಿಯ ಗುರುತೇ ಇರಲಿಲ್ಲ. ಕಟ್ಟೆಯ ಮೇಲೆ ಕುಳಿತಿದ್ದ ಒಬ್ಬ ವೃದ್ಧ ರೈತರು ನಮ್ಮ ಶಿಬಿರನಾಯಕನಿಗೆ ಹೇಳಿದರು: “ಎರಿ ಮಣ್ಣು ನೀರು ಕುಡದ್ರ ಉಬ್ಬತದ ತಮ್ಮಾ. ಕಲ್ಲು ಕಟ್ಟದಿದ್ರ ನಾಲಿ ನಿಲ್ಲಂಗಿಲ್ಲ. ನೀವು ಕೇಳಿದ್ರ ಮೊದಲೇ ಹೇಳ್ತಿದ್ದೆ.”

ಕೇಳದಿದ್ದುದು ಹುಡುಗರ ತಪ್ಪಲ್ಲ, ಶಿಬಿರದ ಹೊಣೆ ಹೊತ್ತಿದ್ದ ನನ್ನ ತಪ್ಪು. ಮರುವರ್ಷ ಅದೇ ಹಳ್ಳಿಗೆ ಹೋದೆವು. ಮೊದಲನೆಯ ದಿನ ಸಲಿಕೆಯನ್ನು ಮುಟ್ಟದೆ ಮನೆಮನೆಗೆ ತಿರುಗಿ ವಿಚಾರಿಸಿದೆವು. ಗಣಿಯಲ್ಲಿ ಒಡೆದು ಬಿದ್ದಿದ್ದ ಶಹಾಬಾದ ಪರ್ಸಿಯ ತುಂಡುಗಳನ್ನು ಊರವರೇ ಬಂಡಿಯಲ್ಲಿ ತಂದುಕೊಟ್ಟರು. ಈ ಸಲದ ಚರಂಡಿ ಹಿಂದಿನದರ ಅರ್ಧದಷ್ಟು ಉದ್ದವಿತ್ತು, ಆದರೆ ನಿಂತಿತು. ತಾನು ಕೊಡಲು ಬಂದವನೆಂಬ ಭಾವನೆ ಅಳಿದು, ಕೇಳಿ ಕಲಿಯಲು ಬಂದವನೆಂಬ ವಿನಯ ಮೂಡಿದಾಗಲೇ ಸೇವೆಯು ಶಿಕ್ಷಣವಾಗುತ್ತದೆ.

2. ಸಹಬೋಧನೆ

ಎರಡನೆಯ ಮೆಟ್ಟಿಲು ಸಹಪಾಠಿಗಳಿಗೆ ಪಾಠ ಹೇಳುವುದು. ಇದು ನಮಗೆ ಹೊಸದಲ್ಲ. ಹಿಂದಿನ ಗಾಂವಠಿ ಶಾಲೆಗಳಲ್ಲಿ ಐಗಳು ಒಬ್ಬರೇ ಇರುತ್ತಿದ್ದರು. ದೊಡ್ಡ ಹುಡುಗರು ಚಿಕ್ಕವರಿಗೆ ಮರಳಿನ ಮೇಲೆ ಅಕ್ಷರ ತಿದ್ದಿಸಿ ಮಗ್ಗಿ ಹೇಳಿಸುತ್ತಿದ್ದರು. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಮದರಾಸಿನ ಅನಾಥ ಬಾಲಕರ ಶಾಲೆಯನ್ನು ನಡೆಸುತ್ತಿದ್ದ ಆಂಡ್ರೂ ಬೆಲ್ ಎಂಬ ಪಾದ್ರಿಯು, ಅಲ್ಲಿಯ ದೇಶೀಯ ಶಾಲೆಯಲ್ಲಿ ಮಕ್ಕಳು ಮರಳಿನ ಮೇಲೆ ಬರೆಯುವುದನ್ನು ಕಂಡನು. ತನ್ನ ಉಪಾಧ್ಯಾಯರು ಹೊಸ ಕ್ರಮವನ್ನು ಒಪ್ಪದಿರಲು, ಎಂಟು ವರ್ಷದ ಬಾಲಕನೊಬ್ಬನಿಗೆ ಅಕ್ಷರಮಾಲೆಯ ತರಗತಿಯನ್ನು ವಹಿಸಿದನು, ಪ್ರಯೋಗ ಫಲಿಸಿತು. 1797ರಲ್ಲಿ ಆತನು ಲಂಡನ್ನಿನಲ್ಲಿ ಪ್ರಕಟಿಸಿದ ವರದಿಯಿಂದ ‘ಮದ್ರಾಸ್ ಪದ್ಧತಿ’ ಇಂಗ್ಲೆಂಡಿನಲ್ಲಿ ಹಬ್ಬಿತು. ಆದರೆ ಅಲ್ಲಿ ಅದು ಕಡಿಮೆ ಖರ್ಚಿನಲ್ಲಿ ನೂರಾರು ಮಕ್ಕಳಿಗೆ ಬಾಯಿಪಾಠ ಮಾಡಿಸುವ ಯಂತ್ರವಾಯಿತೆಂಬ ಟೀಕೆಗೂ ಗುರಿಯಾಯಿತು.

ಆ ದೋಷವನ್ನು ಬಿಟ್ಟು ಗುಣವನ್ನು ಹಿಡಿಯಬೇಕು. ಒಂದು ಉದಾಹರಣೆಯನ್ನು ನೋಡೋಣ. ಋಣಸಂಖ್ಯೆಯನ್ನು ಋಣಸಂಖ್ಯೆಯಿಂದ ಗುಣಿಸಿದರೆ ಧನಸಂಖ್ಯೆ ಬರುತ್ತದೆಂದು ಎಲ್ಲ ವಿದ್ಯಾರ್ಥಿಗಳೂ ಬಲ್ಲರು. ಗೆಳತಿಗೆ ಹೇಳಿಕೊಡಲು ಕುಳಿತ ವಿದ್ಯಾರ್ಥಿನಿಯನ್ನು ಆಕೆ “ಅದು ಯಾಕ?” ಎಂದು ಕೇಳಿದಾಗ ಮಾತ್ರ ತಾನು ಸೂತ್ರವನ್ನು ಬಲ್ಲೆನೇ ಹೊರತು ಕಾರಣವನ್ನಲ್ಲ ಎಂಬುದು ಗೋಚರವಾಗುತ್ತದೆ. ಆಗ ಇಬ್ಬರೂ ಕೂಡಿ ಬರೆಯುತ್ತಾರೆ: ಋಣ 2ನ್ನು 3ರಿಂದ ಗುಣಿಸಿದರೆ ಋಣ 6, 2ರಿಂದ ಋಣ 4, 1ರಿಂದ ಋಣ 2, ಸೊನ್ನೆಯಿಂದ ಸೊನ್ನೆ. ಗುಣಕವು ಒಂದೊಂದು ಇಳಿದಂತೆ ಉತ್ತರ ಎರಡೆರಡು ಏರುತ್ತಿದೆ. ಮುಂದಿನ ಮೆಟ್ಟಿಲಿನಲ್ಲಿ ಋಣ 1ರಿಂದ ಗುಣಿಸಿದಾಗ ಧನ 2 ಬರಲೇಬೇಕು. ಹೇಳಿಸಿಕೊಂಡವಳಿಗಿಂತ ಹೇಳಿದವಳಿಗೇ ಇಲ್ಲಿ ಲಾಭ ಹೆಚ್ಚು. ಕೇಳಲು ಸಂಕೋಚಪಡುವ ಮಗುವೂ ತನ್ನ ವಯಸ್ಸಿನವರ ಮುಂದೆ ಬಾಯಿ ಬಿಡುತ್ತದೆ.

3. ನಾಯಕತ್ವ

ವಿದ್ಯಾರ್ಥಿ ನಾಯಕನೆಂದರೆ ವೇದಿಕೆಯ ಮೇಲೆ ಮಾತನಾಡುವವನೆಂಬ ಭ್ರಮೆ ಇದೆ. ನಿಜವಾದ ನಾಯಕತ್ವದ ಅಭ್ಯಾಸ ನಡೆಯುವುದು ಪ್ರಸಾದನಿಲಯದ ಅಡುಗೆಯ ಲೆಕ್ಕದಲ್ಲಿ, ವಾಚನಾಲಯದ ಪುಸ್ತಕಗಳ ಜೋಪಾನದಲ್ಲಿ. ನೆರೆಯ ಚಿತ್ತಾಪುರದ ಬಳಿ ಇರುವ ನಾಗಾವಿಯಲ್ಲಿ ಕಲ್ಯಾಣ ಚಾಲುಕ್ಯರ ಕಾಲದಲ್ಲಿ ಪ್ರಸಿದ್ಧವಾದ ಘಟಿಕಾಸ್ಥಾನವಿದ್ದಿತು. ಅಲ್ಲಿಯ 1058ರ ಶಾಸನವು ಗ್ರಂಥಭಂಡಾರವನ್ನು ನೋಡಿಕೊಳ್ಳಲು ಆರು ಮಂದಿ ಸರಸ್ವತೀ ಭಂಡಾರಿಗರಿದ್ದರೆಂದು ತಿಳಿಸುತ್ತದೆ. ಓದುವವರೊಡನೆ ಪುಸ್ತಕ ಕಾಯುವವರನ್ನೂ ಶಾಸನವು ನೆನೆದಿದೆ.

ನಾಯಕನ ಪರೀಕ್ಷೆ ಅವನು ಇರುವಾಗ ಅಲ್ಲ, ಅವನು ಹೋದ ಮೇಲೆ. ಸಂಜೆಯ ಪಾಠವು ಒಬ್ಬನ ಉತ್ಸಾಹದಿಂದ ಪ್ರಾರಂಭವಾಗಿ ಅವನ ಪದವಿಯೊಡನೆ ನಿಂತುಹೋದರೆ ಅದು ಅವನ ಸಾಹಸವಾಯಿತೇ ಹೊರತು ಸಂಸ್ಥೆಯಾಗಲಿಲ್ಲ. ಹಾಜರಿ ಪುಸ್ತಕ, ಲೆಕ್ಕಪತ್ರ, ಕಪಾಟಿನ ಕೀಲಿಕೈ, ಇವುಗಳನ್ನು ಮುಂದಿನ ವರ್ಷದವರ ಕೈಗೆ ಕ್ರಮವಾಗಿ ಒಪ್ಪಿಸಿ ಹೋಗುವವನೇ ನಾಯಕ.

ಉಪಸಂಹಾರ

ಈ ಮೂರೂ ಗುಣಗಳು ತಾವಾಗಿಯೇ ಬೆಳೆಯುವುದಿಲ್ಲ. ಶಿಕ್ಷಕ ಬಾಂಧವರು ಎಲ್ಲವನ್ನೂ ತಾವೇ ಮಾಡದೆ ಸ್ವಲ್ಪ ಹೊಣೆಯನ್ನು ಹುಡುಗರಿಗೆ ಬಿಟ್ಟುಕೊಡಬೇಕು. ಅವರು ತಪ್ಪಿದರೆ ತಾಳಿಕೊಳ್ಳಬೇಕು. ಕಾಲೇಜಿನಲ್ಲಿರುವ ಹಳೆಯ ವಿದ್ಯಾರ್ಥಿಗಳು ರಜೆಯಲ್ಲಿ ಊರಿಗೆ ಬಂದಾಗ ಎರಡು ಸಂಜೆಗಳನ್ನು ತಾವು ಕಲಿತ ಶಾಲೆಯ ಮಕ್ಕಳಿಗಾಗಿ ಮೀಸಲಿಡಬೇಕು. ದಾನಿಗಳು ಕಟ್ಟಡಕ್ಕೆ ಕೊಡುವಾಗ ಆ ಸಂಜೆಯ ಪಾಠದ ದೀಪ, ಹಲಗೆ, ಪುಸ್ತಕಗಳನ್ನೂ ನೆನೆಯಬೇಕು. ದಾಸೋಹವೆಂಬ ಮಾತು ಅನ್ನಕ್ಕೆ ಮಾತ್ರ ಸೀಮಿತವಲ್ಲ, ಅಕ್ಷರಕ್ಕೂ ಅದು ಸಲ್ಲುತ್ತದೆ. ಪಂಕ್ತಿಯಲ್ಲಿ ಉಂಡವನು ಮುಂದಿನ ಪಂಕ್ತಿಗೆ ಬಡಿಸಲು ಏಳುವುದು ನಮ್ಮ ಮಠಗಳ ರೂಢಿ. ವಿದ್ಯೆಯ ಪಂಕ್ತಿಯಲ್ಲಿಯೂ ಆ ರೂಢಿ ನೆಲೆಗೊಳ್ಳಲಿ.